ಪಾತ್ರಕ್ಕೆ ಒಪ್ಪುವ ಮಾರಿ ಯಾವುದು?

ಹೆಸರಿನ ರಾಶಿ ಮುಗಿದು ಜನರ ಕೈ ತುಸು ಬಿಡುವಾಗಿದ್ದ ದಿನಗಳಲ್ಲಿ, ಪತ್ರಿಕೆಯ ಚಂದಾ ವಸೂಲಿಗೆಂದು ನಾವು ಜಕ್ಕಲಿಗೆ ಹೋಗಿದ್ದೆವು. ಸಂಜೆ ಆರಕ್ಕೆ ಸಭೆಯೆಂದು ಸಾರಿದ್ದರೂ ಆರೂವರೆಯಾದರೂ ನಾಲ್ಕು ಜನ ಕೂಡಲಿಲ್ಲ. ಹುಡುಕುತ್ತ ಹೋದರೆ ನಮ್ಮವರೆಲ್ಲ ಚಹದ ಅಂಗಡಿಯ ಮುಂದೆ ಜಮಾಯಿಸಿದ್ದರು. ದನಿಗಳು ಏರಿದ್ದವು. ಕೂಲಿಯ ದರದ ಮೇಲೆಯೋ ಹೆಸರಿನ ಧಾರಣೆಯ ಮೇಲೆಯೋ ಮಾತು ಹತ್ತಿರಬಹುದೆಂದು ನಾವು ಒಳಗೊಳಗೇ ಹಿಗ್ಗಿದೆವು. ಅದೇನೂ ಅಲ್ಲ. ಅಲ್ಲಿ ಜಗಳ ನಡೆದದ್ದು ಶಕ್ತಿಮಾನನ ಸಲುವಾಗಿ!

ನಗಬೇಡಿರಿ ಓದುಗರೆ. ನಾವೂ ಮೊದಲು ನಕ್ಕೆವು. ಆಮೇಲೆ ಒಂದು ಚಹ ಹೇಳಿ, ಬಾಕಿನ ಮೇಲೆ ಕುಳಿತು ಕೇಳಿದೆವು. ಕೇಳುತ್ತ ಹೋದಂತೆ ಇದು ನಗುವ ಮಾತಲ್ಲವೆನಿಸಿತು. ಅಂದಿನ ಸಭೆ ಒಂದು ತಾಸು ತಡವಾಗಿ ಸುರುವಾಯಿತು. ಅದರ ತಪ್ಪು ನಮ್ಮದೇ.

ಶಕ್ತಿಮಾನ ಯಾರೆಂದು ನಮ್ಮ ಹಿರಿಯ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. 1997ರ ಸೆಪ್ಟೆಂಬರ್ 13ರಿಂದ 2005ರ ಮಾರ್ಚ್ 27ರ ತನಕ ದೂರದರ್ಶನದಲ್ಲಿ ಬಂದ ಧಾರಾವಾಹಿಯ ನಾಯಕ ಅವನು. ಯೋಗಿಗಳ ಕೃಪೆಯಿಂದ ಏಳು ಚಕ್ರಗಳನ್ನು ಎಬ್ಬಿಸಿಕೊಂಡು, ಪಂಚಭೂತಗಳ ಬಲ ಪಡೆದು, ಗರಗರ ತಿರುಗಿ ಆಕಾಶಕ್ಕೆ ಹಾರುವ ವೀರ. ಯೋಗವೂ ಇತ್ತು, ವಿಜ್ಞಾನಿಗಳೂ ಇದ್ದರು, ಯಂತ್ರಗಳೂ ಇದ್ದವು. ಎರಡನ್ನೂ ಕಲಿಸಿ ಕುದಿಸಿದ ಸಾರು ಅದು. ನಾವಾಗ ಮೂರನೆಯ ಇಯತ್ತೆ. ನಮ್ಮ ಓಣಿಗೆಲ್ಲ ಒಂದೇ ಟೀವಿ. ಅದರ ಮನೆಯವರು ಭಾನುವಾರ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಇಪ್ಪತ್ತು ಹುಡುಗರು. ಹಿಂದಿ ಒಂದಕ್ಷರ ಯಾರಿಗೂ ಬಾರದು. ಆದರೂ ಎಲ್ಲ ತಿಳಿಯುತ್ತಿತ್ತು!

ಅದೇ ಶಕ್ತಿಮಾನ ಉಬ್ಬುಹಲ್ಲು ಕಟ್ಟಿಕೊಂಡು, ದಪ್ಪ ಚಾಳೀಸು ಏರಿಸಿ, ಗಂಗಾಧರನೆಂಬ ಹೆಸರಿನಿಂದ ವರ್ತಮಾನಪತ್ರದ ಕಚೇರಿಯಲ್ಲಿ ಫೋಟೋ ತೆಗೆಯುವ ನೌಕರಿ ಮಾಡುತ್ತಿದ್ದ. ಪಕ್ಕದಲ್ಲಿ ಕುಳಿತವರಿಗೂ ಅವನ ಗುರುತು ಹತ್ತುತ್ತಿರಲಿಲ್ಲ. ಗೀತಾ ವಿಶ್ವಾಸ್ ಎಂಬ ಪತ್ರಕರ್ತೆಯ ಪಾತ್ರವನ್ನು ಮೊದಲು ಕಿಟು ಗಿಡ್ವಾನಿ ಮಾಡಿದರು, ಆಮೇಲೆ ವೈಷ್ಣವಿ ಬಂದರು. ಮುಖವೇ ಬದಲಾಯಿತು. ನಮ್ಮ ಕಟ್ಟೆಯ ಮೇಲಿನ ಇಪ್ಪತ್ತು ಹುಡುಗರಲ್ಲಿ ಒಬ್ಬನಾದರೂ ಇದು ನಂಬುವಂತಿಲ್ಲ ಎಂದದ್ದು ನೆನಪಿಲ್ಲ.

ಈಗ ಜಗಳ ಬಂದದ್ದು ಎಲ್ಲಿ? 2022ರ ಫೆಬ್ರುವರಿಯಲ್ಲಿ ಸೋನಿ ಕಂಪನಿಯವರು ಶಕ್ತಿಮಾನನನ್ನು ಹೊಸದಾಗಿ ಸಿನಿಮಾ ಮಾಡುತ್ತೇವೆಂದು ಸಾರಿದರು. ಮುಂಬಯಿಯ ನಟ ರಣವೀರ ಸಿಂಗ್ ಅವರ ಹೆಸರು ತೇಲಿ ಬಂತು. 2024ರ ಮಾರ್ಚಿನಲ್ಲಿ ಹಳೆಯ ಶಕ್ತಿಮಾನ ಮುಕೇಶ ಖನ್ನಾ ಅವರು ಇದು ಸಲ್ಲದೆಂದು ಬಹಿರಂಗವಾಗಿ ಹೇಳಿದರು. ಶಕ್ತಿಮಾನ ಬರೀ ವೀರನಲ್ಲ, ಮಕ್ಕಳಿಗೆ ಗುರುವೂ ಹೌದು. ಆ ನಟನ ಹೆಸರಿಗೆ ಅಂಟಿಕೊಂಡ ಚಿತ್ರ ಈ ಪಾತ್ರಕ್ಕೆ ಒಪ್ಪದು ಎಂಬುದು ಅವರ ತಕರಾರು. ಸಿನಿಮಾ ಕಣ್ಣಿಗೆ ಬೀಳುವ ಮೊದಲೇ ದೇಶದ ತುಂಬ ಎರಡು ಪಕ್ಷಗಳಾದವು. ಅವುಗಳ ಶಾಖೆಗಳೆರಡು ಜಕ್ಕಲಿಯ ಚಹದ ಅಂಗಡಿಯಲ್ಲಿಯೂ ಸ್ಥಾಪನೆಯಾಗಿದ್ದವು.

ಕಿರಾಣಿ ಅಂಗಡಿಯ ಮಿತ್ರರೊಬ್ಬರು ಹಳೆಯ ಪಕ್ಷ. "ಶಕ್ತಿಮಾನ ಅಂದ್ರ ಖನ್ನಾ ಒಬ್ಬನ ನೋಡ್ರಿ. ಭೀಷ್ಮ ಆಗಿದ್ದಾಂವ ಅಂವ. ಆ ಗತ್ತು ಯಾರಿಗೆ ಬರತೈತಿ?" ಎಂದು ಅವರ ವಾದ. ಖನ್ನಾ ಅವರು 1988ರ ಮಹಾಭಾರತ ಧಾರಾವಾಹಿಯಲ್ಲಿ ಭೀಷ್ಮನಾಗಿದ್ದುದು ನಿಜ. ಗದಗಿನ ಕಾಲೇಜಿಗೆ ಹೋಗುವ ಹುಡುಗನೊಬ್ಬ ಹೊಸ ಪಕ್ಷ. ಅವನು ಮೊಬೈಲಿನಲ್ಲಿ ಇಂಗ್ಲಿಷ್ ಧಾರಾವಾಹಿಗಳನ್ನು ನೋಡುವವ. ಅವನು ತೆಗೆದ ಮಾತಿನಿಂದಲೇ ವಿಷಯ ಬೇರೆ ದಿಕ್ಕಿಗೆ ಹೊರಳಿತು.

ವಿಲಾಯತಿಯ ಬಿಬಿಸಿಯಲ್ಲಿ 'ಡಾಕ್ಟರ್ ಹೂ' ಎಂಬ ವಿಜ್ಞಾನ ಕಲ್ಪನೆಯ ಧಾರಾವಾಹಿಯಿದೆ. 1963ರ ನವೆಂಬರ್ 23ರಂದು ಸುರುವಾದದ್ದು 1989ರಲ್ಲಿ ನಿಂತು, 2005ರಲ್ಲಿ ಹೊಸ ಹುರುಪಿನಿಂದ ಮತ್ತೆ ಎದ್ದಿತು. ಡಾಕ್ಟರನೆಂಬ ಅದರ ನಾಯಕ ಬೇರೆ ಲೋಕದವ. ಪೊಲೀಸರ ನೀಲಿ ಪೆಟ್ಟಿಗೆಯಂಥ ಒಂದು ವಾಹನದಲ್ಲಿ ಕುಳಿತು ಸಾವಿರ ವರುಷ ಹಿಂದಕ್ಕೂ ಹೋಗುತ್ತಾನೆ, ಮುಂದಕ್ಕೂ ಹೋಗುತ್ತಾನೆ. ಆ ಪೆಟ್ಟಿಗೆ ಹೊರಗಿನಿಂದ ನೋಡಿದರೆ ಬೀಡಿ ಅಂಗಡಿಯಷ್ಟು, ಒಳಗೆ ಹೊಕ್ಕರೆ ಅರಮನೆಯಷ್ಟು! 1966ರಲ್ಲಿ ಮೊದಲಿನ ನಟ ವಿಲಿಯಂ ಹಾರ್ಟ್‌ನೆಲ್ ಅವರ ದೇಹಸ್ಥಿತಿ ಕೆಟ್ಟಾಗ ಧಾರಾವಾಹಿಯವರು ಒಂದು ಯುಕ್ತಿ ಮಾಡಿದರು: ಡಾಕ್ಟರನಿಗೆ ಸಾವು ಸಮೀಪಿಸಿದರೆ ಅವನು ಹೊಸ ದೇಹ ತೊಡುತ್ತಾನೆ ಎಂದರು. ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೆ ನಟ ಬಂದರು. ನೋಡುವವರು ಒಪ್ಪಿಕೊಂಡರು. ಹೀಗೆ ಒಬ್ಬರಾದ ಮೇಲೊಬ್ಬರಂತೆ ಹನ್ನೆರಡು ಗಂಡಸರು ಆ ಅಂಗಿ ತೊಟ್ಟರು. 2017ರಲ್ಲಿ ಹದಿಮೂರನೆಯ ಸರದಿಗೆ ಜೋಡಿ ವಿಟ್ಟೇಕರ್ ಎಂಬ ಹೆಣ್ಣುಮಗಳ ಹೆಸರು ಸಾರಿದರು ನೋಡಿರಿ, ಗದ್ದಲವೋ ಗದ್ದಲ! ಇದು ನಂಬುವಂತಿಲ್ಲ, ಕಥೆ ಕೆಟ್ಟಿತು, ನಮ್ಮ ಡಾಕ್ಟರನನ್ನು ಕಳೆದುಕೊಂಡೆವು ಎಂದು ಎಷ್ಟೋ ಜನ ಬೊಬ್ಬೆಯಿಟ್ಟರು. 2023ರಲ್ಲಿ ರುವಾಂಡಾದಲ್ಲಿ ಹುಟ್ಟಿದ ಕರಿಯ ಮೈಬಣ್ಣದ ನ್ಕುಟಿ ಗಾಟ್ವಾ ಎಂಬ ನಟ ಅದೇ ಪಾತ್ರಕ್ಕೆ ಬಂದಾಗಲೂ ಗೊಣಗುವವರಿಗೆ ಕೊರತೆಯಾಗಲಿಲ್ಲ.

ಅಮೇರಿಕೆಯಲ್ಲಿಯೂ ಇದೇ ಪ್ರಸಂಗ. 1978ರ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ಆಕಾಶಯುದ್ಧದ ಧಾರಾವಾಹಿಯನ್ನು 2003ರಲ್ಲಿ ಹೊಸದಾಗಿ ಮಾಡಿದರು. ಸ್ಟಾರ್‌ಬಕ್ ಎಂಬ ಪುಂಡ ವಿಮಾನ ಚಾಲಕನ ಪಾತ್ರವನ್ನು ಹೆಣ್ಣು ಮಾಡಿ ಕೇಟಿ ಸ್ಯಾಕಾಫ್ ಅವರಿಗೆ ಕೊಟ್ಟರು. ಹಳೆಯ ಸ್ಟಾರ್‌ಬಕ್ ಆಗಿದ್ದ ಡರ್ಕ್ ಬೆನೆಡಿಕ್ಟ್ ಅವರು ಲೇಖನವನ್ನೇ ಬರೆದು ಸಿಟ್ಟು ತೋಡಿಕೊಂಡರು. ಅಂದರೆ ನಮ್ಮ ಖನ್ನಾ ಅವರು ಒಬ್ಬರೇ ಅಲ್ಲ. ಈ ನೋವಿಗೆ ದೇಶಭಾಷೆಗಳ ಭೇದವಿಲ್ಲ.

ಹುಡುಗ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕಿರಾಣಿ ಮಿತ್ರರು ಹೊಡೆತಕ್ಕೆ ಸಿದ್ಧರಾಗಿದ್ದರು. "ಸರಿ ಐತಲ್ಲ ಮತ್ತ ಅವರು ಅಂದದ್ದು! ಹೆಣ್ಣಮಗಳು ಹೋಗಿ ಆಕಾಶದಾಗ ಹಡಗ ನಡಸ್ತಾಳಂದ್ರ ಯಾರರ ನಂಬತಾರೇನು?" ಎಂದರು. ಎಲ್ಲರೂ ನಕ್ಕರು. ಅಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ, ಹತ್ತಿಯ ಗಿರಣಿಗೆ ಹೋಗುವ ಮಿತ್ರರೊಬ್ಬರು ಬೀಡಿಯ ಬೂದಿ ಕೊಡವಿ ಆ ಹುಡುಗನನ್ನು ಕೇಳಿದರು: "ತಮ್ಮಾ, ಆಕಾಶಕ್ಕ ಹಾರೂ ಆ ಕತಿಯೊಳಗ ಗಿರಣಿ ಕೆಲಸದವ ಯಾರರ ಅದಾನೇನಪಾ?"

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನಮಗೆ ಹೊಳೆಯಿತು. ಕಥೆಯಲ್ಲಿ ಇದ್ದಾನೋ ಇಲ್ಲವೋ ನಾವರಿಯೆವು, ಆದರೆ ನಿಜದಲ್ಲಿ ಇದ್ದಾಳೆ.

ಸೋವಿಯತ್ ದೇಶದ ಯಾರೋಸ್ಲಾವಲ್ ಎಂಬ ಊರಿನಲ್ಲಿ ಬಟ್ಟೆಯ ಗಿರಣಿಯಲ್ಲಿ ದುಡಿಯುತ್ತಿದ್ದ ಹುಡುಗಿ ವ್ಯಾಲೆಂಟೀನಾ ತೆರೆಷ್ಕೋವಾ. ತಂದೆ ಟ್ರ್ಯಾಕ್ಟರ್ ನಡೆಸುವವ, ಯುದ್ಧದಲ್ಲಿ ಮಡಿದ. ತಾಯಿಯೂ ಗಿರಣಿಯಲ್ಲಿಯೇ ದುಡಿದವಳು. ಈ ಹುಡುಗಿ ಪಾಳಿ ಮುಗಿಸಿ, ರಜೆಯ ದಿನ ಕ್ಲಬ್ಬಿಗೆ ಹೋಗಿ ಪ್ಯಾರಾಶೂಟಿನಿಂದ ಜಿಗಿಯುವುದನ್ನು ಕಲಿತಳು. 1963ರ ಜೂನ್ 16ರಂದು ವೊಸ್ತೋಕ್-6 ಎಂಬ ನೌಕೆಯಲ್ಲಿ ಒಬ್ಬಳೇ ಏರಿ ಹೋಗಿ, ಹೆಚ್ಚುಕಡಿಮೆ ಮೂರು ದಿನ ಆಕಾಶದಲ್ಲಿದ್ದು, ಭೂಮಿಯನ್ನು 48 ಸಲ ಸುತ್ತಿ ಬಂದಳು. ಆಗ ಅವಳಿಗೆ ಇಪ್ಪತ್ತಾರು ವರುಷ. ಅಂತರಿಕ್ಷಕ್ಕೆ ಹೋದ ಮೊಟ್ಟಮೊದಲ ಹೆಣ್ಣು ಒಬ್ಬ ಗಿರಣಿ ಕಾಮಗಾರಳು ಎಂಬುದನ್ನು ನಮ್ಮ ಶಾಲೆಯ ಪಾಠದಲ್ಲಿ ಎಷ್ಟು ಮಂದಿ ಮಾಸ್ತರರು ಒತ್ತಿ ಹೇಳಿದ್ದಾರು? ನಾವು ಮಾಸ್ತರಕಿ ಮಾಡುವಾಗಲೂ ಹೇಳಲಿಲ್ಲ, ನಮಗೇ ಗೊತ್ತಿರಲಿಲ್ಲ. ಪಕ್ಷದ ಕೆಲಸಕ್ಕೆ ಬಂದ ಮೇಲೆ ಓದಿ ತಿಳಿದುಕೊಂಡೆವು.

ಈ ತಾರೀಖುಗಳನ್ನು ಜೋಡಿಸಿ ನೋಡಿರಿ. ಗಿರಣಿಯ ಹುಡುಗಿ ನಿಜವಾಗಿಯೂ ಆಕಾಶ ಸುತ್ತಿ ಬಂದದ್ದು 1963ರ ಜೂನಿನಲ್ಲಿ. ವಿಲಾಯತಿಯ ಸುಳ್ಳುಕಥೆಯ ಡಾಕ್ಟರ ಮೊದಲ ಸಲ ತನ್ನ ಪೆಟ್ಟಿಗೆ ಏರಿದ್ದು ಅದೇ ವರುಷದ ನವೆಂಬರಿನಲ್ಲಿ. ಆ ಡಾಕ್ಟರ ಹೆಣ್ಣಾಗಲು ಅಲ್ಲಿಂದ ಐವತ್ನಾಲ್ಕು ವರುಷ ಬೇಕಾಯಿತು, ಆಗಲೂ ಜನ ನಂಬಲೊಲ್ಲರು! ಕಲ್ಪನೆಯೆಂಬುದು ನಿಜಕ್ಕಿಂತ ಮುಂದೆ ಓಡುತ್ತದೆಂದು ಹೇಳುತ್ತಾರೆ. ಇಲ್ಲಿ ಅದು ಐವತ್ನಾಲ್ಕು ವರುಷ ಹಿಂದೆ ಕುಂಟುತ್ತಿತ್ತು. ನಮ್ಮ ಶಕ್ತಿಮಾನನದೂ ಅದೇ ಹಣೆಬರಹ. 1997ರ ಸೆಪ್ಟೆಂಬರಿನಲ್ಲಿ ಅವನು ದೂರದರ್ಶನದಲ್ಲಿ ಹಾರಲು ಸುರುಮಾಡಿದ. ಎರಡು ತಿಂಗಳು ಕಳೆದು, ನವೆಂಬರ್ 19ರಂದು, ಹರಿಯಾಣದ ಕರ್ನಾಲಿನ ಕಲ್ಪನಾ ಚಾವ್ಲಾ ಕೊಲಂಬಿಯಾ ನೌಕೆಯಲ್ಲಿ ನಿಜಕ್ಕೂ ಹಾರಿದಳು. 2003ರ ಫೆಬ್ರುವರಿ 1ರಂದು ಅದೇ ನೌಕೆಯ ಇನ್ನೊಂದು ಪಯಣದಿಂದ ಮರಳುವಾಗ ತೀರಿಕೊಂಡಳು. ನಮ್ಮ ಕಟ್ಟೆಯ ಇಪ್ಪತ್ತು ಹುಡುಗರೂ ಹೆಗಲಿಗೆ ಟಾವೆಲ್ ಕಟ್ಟಿಕೊಂಡು ಶಕ್ತಿಮಾನರಾಗಿ ಗರಗರ ತಿರುಗಿದೆವು. ಓಣಿಯ ಹುಡುಗಿಯರಿಗೆ ನೀವು ಚಾವ್ಲಾ ಆಗಿರಿ ಎಂದು ಹೇಳುವವರಿರಲಿಲ್ಲ.

ಹಾಗಾದರೆ ನಂಬುವಂತಿದೆ, ನಂಬುವಂತಿಲ್ಲ ಎಂಬ ಮಾತಿನ ಅರ್ಥವೇನು? ಬೀಡಿ ಅಂಗಡಿಯಷ್ಟು ಪೆಟ್ಟಿಗೆಯೊಳಗೆ ಅರಮನೆ ಇರುವುದನ್ನು ನಂಬಿದರು, ಸಾಯುವವನು ಹೊಸ ದೇಹ ತೊಡುವುದನ್ನು ನಂಬಿದರು, ಅಂಥವನು ಸೀರೆಯುಡುವ ಜಾತಿಗೆ ಸೇರಬಾರದೆಂದರು! ನಮಗೆ ತಿಳಿಯುವ ಮಟ್ಟಿಗೆ, ಕಣ್ಣು ಯಾವುದನ್ನು ನೋಡಿ ನೋಡಿ ರೂಢಿಯಾಗಿದೆಯೋ ಅದು ನಂಬುವಂತಿರುತ್ತದೆ. ಯಾರು ಗಾದಿಯ ಮೇಲೆ ಕುಳಿತದ್ದನ್ನು ನೋಡುತ್ತ ಬಂದಿದ್ದೇವೆಯೋ ಅವರು ಗಾದಿಗೆ ಒಪ್ಪುತ್ತಾರೆ. 1962ರಲ್ಲಿ ಅಮೇರಿಕೆಯ ಲೋಕಸಭೆಯ ಸಮಿತಿಯ ಮುಂದೆ, ಹೆಂಗಸರನ್ನು ಆಕಾಶಯಾನಕ್ಕೆ ಏಕೆ ಕಳಿಸಬಾರದೆಂಬ ವಿಚಾರಣೆ ನಡೆಯಿತು. ಆಗತಾನೆ ಭೂಮಿ ಸುತ್ತಿ ಬಂದಿದ್ದ ಜಾನ್ ಗ್ಲೆನ್ ಅವರು, ಹೆಂಗಸರು ಈ ಕೆಲಸದಲ್ಲಿ ಇಲ್ಲದಿರುವುದು ನಮ್ಮ ಸಮಾಜದ ವ್ಯವಸ್ಥೆಯೇ ಹಾಗಿರುವುದರಿಂದ ಎಂಬರ್ಥದ ಮಾತು ಹೇಳಿದರು. ಮನುಷ್ಯ ಪ್ರಾಮಾಣಿಕ. ಅವಳ ಮಾರಿ ಒಪ್ಪುವುದಿಲ್ಲ ಎನ್ನಲಿಲ್ಲ, ನೇರ ವ್ಯವಸ್ಥೆ ಎಂದರು. ಮರುವರುಷವೇ ತೆರೆಷ್ಕೋವಾ ಹೋಗಿ ಬಂದಳು.

ರೂಢಿಯೆಂಬುದು ಎಷ್ಟು ಸಡಿಲವಾದದ್ದೆಂದು ನಮ್ಮ ನಾಡಿನವರಿಗಿಂತ ಬಲ್ಲವರಾರು? ಗದಗಿನಲ್ಲಿ 1870ರ ದಶಕದಲ್ಲಿಯೇ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದರು. ಆ ಕಾಲದಿಂದ ಎಷ್ಟೋ ವರುಷ ನಮ್ಮ ರಂಗದ ಸೀತೆ, ದ್ರೌಪದಿ, ಸತ್ಯಭಾಮೆಯರೆಲ್ಲ ಮೀಸೆ ಬೋಳಿಸಿದ ಗಂಡಸರು. ದಾದಾಸಾಹೇಬ ಫಾಳ್ಕೆಯವರು 1913ರಲ್ಲಿ ರಾಜಾ ಹರಿಶ್ಚಂದ್ರ ಚಿತ್ರಪಟ ತೆಗೆದಾಗ ತಾರಾಮತಿಯಾಗಲು ಹೆಣ್ಣು ಸಿಗದೆ, ಖಾನಾವಳಿಯಲ್ಲಿ ಅಡಿಗೆ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. 1917ರ ಲಂಕಾದಹನದಲ್ಲಿ ಅದೇ ಸಾಳುಂಕೆ ರಾಮನೂ ಆದ, ಸೀತೆಯೂ ಆದ! ಗಂಡನೂ ಹೆಂಡತಿಯೂ ಒಂದೇ ಮಾರಿ. ಜನ ಕೈಮುಗಿದು ನೋಡಿದರು. ಬಾಲಗಂಧರ್ವರು ಉಟ್ಟ ಸೀರೆಯ ರೀತಿಯನ್ನು ನಿಜವಾದ ಹೆಂಗಸರು ನೋಡಿ ಕಲಿಯುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಹೆಣ್ಣು ಪಾತ್ರ ಮಾಡಿ, ಮುಂದೆ ಬಸವಣ್ಣನಾಗಿ ನಾಡಿಗೆಲ್ಲ ಹೆಸರಾಗಿ, ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು.

ಹೆಣ್ಣುಮಗಳೇ ರಂಗಕ್ಕೆ ಬಂದಾಗ ಮಾತ್ರ ನಮ್ಮವರ ಹುಬ್ಬು ಗಂಟಾಯಿತು. ಗಂಡಸು ಸೀರೆಯುಟ್ಟರೆ ಕಲೆ, ಹೆಂಗಸು ಸೀರೆಯುಟ್ಟು ರಂಗಕ್ಕೆ ಬಂದರೆ ಭಂಡತನ! ಆ ಮಾತನ್ನು ನುಂಗಿಕೊಂಡೇ ಎಷ್ಟು ತಾಯಂದಿರು ಕಂಪನಿಗಳಲ್ಲಿ ಬಾಳು ಸವೆಸಿದರು! ಆರ್. ನಾಗರತ್ನಮ್ಮನವರು 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಎಲ್ಲ ಪಾತ್ರಗಳನ್ನೂ ಹೆಂಗಸರಿಂದಲೇ ಆಡಿಸಿದರು. ತಾವೇ ಕಂಸನಾಗಿ, ಭೀಮನಾಗಿ ಗದೆಯೆತ್ತಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರುಷ ತೀರಿಕೊಂಡರು. ಹೆಣ್ಣು ಡಾಕ್ಟರಳಾದಳೆಂದು ವಿಲಾಯತಿಯವರು ಕೂಗಾಡುವ ಅರವತ್ತು ವರುಷ ಮೊದಲೇ ನಮ್ಮಲ್ಲಿ ಹೆಣ್ಣು ಭೀಮಳಾಗಿದ್ದಳು. ಗದಗಿನ ಪುಣ್ಯಾಶ್ರಮದ ನಾಟಕ ಕಂಪನಿಯನ್ನು ನೋಡಿದವರಿಗೆ ಇನ್ನೊಂದು ಮಾತು ಗೊತ್ತು. ಅಲ್ಲಿ ಕಣ್ಣಿಲ್ಲದ ಕಲಾವಿದರು ರಂಗಕ್ಕಿಳಿದು ಕಣ್ಣಿದ್ದವರ ಪಾತ್ರ ಮಾಡುತ್ತಾರೆ. ಅವರ ಹಾಡು, ಮಾತು ಕೇಳುತ್ತ ಕುಳಿತ ನಮಗೆ ಅವರ ಕಣ್ಣಿನ ಸುದ್ದಿ ಮರೆತೇ ಹೋಗುತ್ತದೆ.

ಜಕ್ಕಲಿಯ ಮಾತು ಬಂದ ಮೇಲೆ ಇದೊಂದನ್ನು ಬಿಡಲಾಗದು. ಏಕೀಕರಣಕ್ಕಾಗಿ ಹೆಣಗಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಇದು. ನಾಡು ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ, 1956ಕ್ಕೂ ಮೊದಲೇ, ಅವರು ಕಲಾವಿದ ಸಿ.ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ಆ ತಾಯಿಯ ಮಾರಿಯನ್ನು ಯಾರು ನೋಡಿದ್ದರು? ಯಾವ ನಕಾಶೆಯಲ್ಲಿಯೂ ಇಲ್ಲದ ನಾಡಿಗೆ ಒಂದು ಮಾರಿ ಬರೆದರು, ಜನ ನಮ್ಮ ತಾಯಿ ಇವಳೇ ಎಂದರು. ಹಂಬಲವಿದ್ದಲ್ಲಿ ನಂಬಿಕೆ ತಾನಾಗಿ ಬರುತ್ತದೆಂಬುದಕ್ಕೆ ಜಕ್ಕಲಿಯವರಿಗೆ ಬೇರೆ ಊರಿನ ಸಾಕ್ಷಿ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ನೋಡುವವರ ಪರವಾಗಿಯೂ ಎರಡು ಮಾತು ಆಡದಿದ್ದರೆ ಅನ್ಯಾಯ. ಹೊಸದಾಗಿ ಮಾಡಿದ ಎಲ್ಲವೂ ಚೆನ್ನಾಗಿರುತ್ತದೆಂದೇನೂ ಇಲ್ಲ. ಕಥೆ ಸೊರಗಿದ್ದರೆ, ಮಾತು ಸಪ್ಪೆಯಾಗಿದ್ದರೆ, ಹೆಣ್ಣನ್ನು ನಾಯಕಿ ಮಾಡಿ ಅವಳ ಬಾಯಿಗೆ ಭಾಷಣ ತುರುಕಿದ್ದರೆ, ಹಣ ಕೊಟ್ಟು ನೋಡಿದವನು ಬಯ್ಯಬೇಕು, ಬಯ್ಯಲಿ. ಈಗಿನ ದೊಡ್ಡ ಕಂಪನಿಗಳಿಗೆ ಒಂದು ಉಪಾಯ ಕೈಹತ್ತಿದೆ. ಮಾಲು ಕೆಟ್ಟಿದೆ ಎಂದರೆ, ನಿಮಗೆ ಹೆಂಗಸರನ್ನು ಕಂಡರಾಗದು ಎಂದು ಗಿರಾಕಿಯ ಮೇಲೆಯೇ ತಿರುಗಿ ಬೀಳುವುದು. ನಮ್ಮ ಕಿರಾಣಿ ಮಿತ್ರರು ಹುಳ ಹತ್ತಿದ ಬೇಳೆ ಮಾರಿ ಹೀಗೆಂದರೆ ಅಂಗಡಿ ನಡೆದೀತೆ? ಹಳೆಯ ನಟನ ಮೇಲಿನ ಪ್ರೀತಿಯೂ ಸುಳ್ಳಲ್ಲ. ನಮಗೂ ಶಕ್ತಿಮಾನನೆಂದರೆ ಆ ಭಾನುವಾರದ ಮಾರಿಯೇ ಕಣ್ಣಿಗೆ ಕಟ್ಟುತ್ತದೆ. ಆದರೆ ಪಾತ್ರವೆಂಬುದು ಯಾರ ವತನದ ಹೊಲವೂ ಅಲ್ಲ. ಐವತ್ತು ದಾಟಿದ ನಾಯಕ ಪುಸ್ತಕ ಹಿಡಿದು ಕಾಲೇಜಿಗೆ ಹೋದರೆ ಸಿಳ್ಳು ಹೊಡೆಯುವ ನಾವು, ನಂಬುಗೆಯ ತಕ್ಕಡಿಯನ್ನು ಕೆಲವರ ಸಲುವಾಗಿ ಮಾತ್ರ ಹೊರಗೆ ತೆಗೆಯುವುದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಆ ಪ್ರಶ್ನೆ ನಮಗೆ ಚಹದ ಅಂಗಡಿಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವ ಒಂದು ಹಳೆಯ ಸಂಗತಿಯಿದೆ, ಹೇಳಿಬಿಡುತ್ತೇವೆ.

ನಾವು ಮಾಸ್ತರಕಿ ಮಾಡುತ್ತಿದ್ದ ಊರು ಜಕ್ಕಲಿಯಲ್ಲ, ಬೇರೆ; ಹೆಸರು ಬೇಡ. ಅಲ್ಲಿ ಜಾತ್ರೆಗೆ ಒಂದು ಐತಿಹಾಸಿಕ ನಾಟಕ ಆಡುವುದೆಂದು ಠರಾವಾಯಿತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಸೀನರಿ, ಮೈಕು, ಬೇರೆ ಊರಿನಿಂದ ಕರೆಸುವ ನಟಿಯರ ಸಂಭಾವನೆ ಎಲ್ಲ ಕೂಡಿ ಖರ್ಚು ಬಹಳ. ಆದ್ದರಿಂದ ಪಾತ್ರಗಳಿಗೆ ಪಟ್ಟಿ ಹಚ್ಚುತ್ತಾರೆ. ರಾಜನ ಪಾತ್ರಕ್ಕೆ ಇಷ್ಟು, ಖಳನಾಯಕನಿಗೆ ಇಷ್ಟು, ಸೇನಾಪತಿಗೆ ಇಷ್ಟು. ಹೆಚ್ಚು ಕೊಟ್ಟವನಿಗೆ ಕಿರೀಟ. ನಾವು ಓದುಬರಹ ಬಲ್ಲವರೆಂದು ನಮಗೆ ಪುಸ್ತಕ ಹಿಡಿದು ಪರದೆಯ ಮರೆಯಿಂದ ಮಾತು ಎತ್ತಿಕೊಡುವ ಕೆಲಸ.

ಹಮಾಲಿ ಮಾಡುವವನ ಮಗನೊಬ್ಬ, ನಮ್ಮ ಶಾಲೆಯಲ್ಲಿಯೇ ಕಲಿತು ಬಿಟ್ಟವ, ತಾಲೀಮಿಗೆ ದಿನಾಲೂ ಬರುತ್ತಿದ್ದ. ಒಂದು ರಾತ್ರಿ ರಾಜನ ಪಾತ್ರದವ ಬರಲಿಲ್ಲ. ಇವನು ಎದ್ದು ನಿಂತು ಮೊದಲ ಅಂಕದ ಮಾತುಗಳನ್ನು ಪುಸ್ತಕವಿಲ್ಲದೆ ಹೇಳಿದ. ತಾಲೀಮಿನ ಮನೆ ಸ್ತಬ್ಧವಾಯಿತು. ದೊಡ್ಡಾಟದಲ್ಲಿ ಅವನ ಅಜ್ಜ ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ದುರ್ಯೋಧನನಾಗುತ್ತಿದ್ದನಂತೆ. ಆ ಕಂಠ ಇವನಿಗೆ ಇಳಿದು ಬಂದಿತ್ತು. ತಾನೂ ಪಟ್ಟಿ ಕೊಡುತ್ತೇನೆ, ಕಂತಿನಲ್ಲಿ ಕೊಡುತ್ತೇನೆ, ರಾಜನ ಪಾತ್ರ ತನಗಾಗಲಿ ಎಂದು ಕೇಳಿದ. ಹಿರಿಯರು ಒ‌ಬ್ಬರ ಮುಖ ಒಬ್ಬರು ನೋಡಿದರು. "ಮಾತೇನೋ ಚೊಲೊ ಹೇಳತಾನ. ಆದ್ರ ಅವನ ಮಾರಿ ನೋಡಿದ್ರ ರಾಜಾ ಅನಸತೈತೇನ್ರೀ ಮಾಸ್ತರ?" ಎಂದು ನಮ್ಮನ್ನೇ ಕೇಳಿದರು.

ಅವನ ಕೇರಿ ಯಾವುದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೇರಿ ಎನ್ನಲು ಬಾಯಿ ಬಾರದೆ ಮಾರಿ ಎಂದರು. ಅದು ನಮಗೂ ಆ ಕ್ಷಣವೇ ತಿಳಿಯಿತು. ಆದರೆ ಆಗ ನಮ್ಮ ಬಾಯಿಂದ ಬಂದದ್ದೇನು ಗೊತ್ತೆ? "ಪಾತ್ರಕ್ಕೆ ಒಪ್ಪಬೇಕಲ್ಲ, ಜನ ನಂಬಬೇಕಲ್ಲ" ಎಂದೆವು. ನೌಕರಿಯ ಅಂಜಿಕೆಯಿತ್ತು, ಊರಿನಲ್ಲಿ ಬಾಡಿಗೆ ಮನೆಯಿತ್ತು ಎಂದೆಲ್ಲ ಈಗ ಸಬೂಬು ಹೇಳಬಹುದು. ಅವನಿಗೆ ದ್ವಾರಪಾಲಕನ ಪಾತ್ರ ಕೊಟ್ಟರು, ಒಂದೇ ಮಾತು. ಉಳಿದ ಹೊತ್ತು ಪರದೆಯ ಹಗ್ಗ ಎಳೆಯುವ ಕೆಲಸ.

ನಾಟಕದ ರಾತ್ರಿ ಎರಡನೆಯ ಅಂಕದ ನಡುವೆ ಕರೆಂಟು ಹೋಯಿತು. ಮುಂದಕ್ಕೆ ಗ್ಯಾಸಬತ್ತಿ ತಂದಿಟ್ಟರು, ಜನರೇಟರಿನಿಂದ ಮೈಕು ನಡೆಯಿತು, ಆದರೆ ಪರದೆಯ ಮರೆಯಲ್ಲಿ ನಮಗೆ ಗಾಢಾಂಧಕಾರ. ಪುಸ್ತಕದ ಒಂದಕ್ಷರ ಕಾಣದು. ರಂಗದ ಮೇಲೆ ಕಿರೀಟ ಇಟ್ಟುಕೊಂಡವರು ಎರಡು ಮಾತು ಆಡಿ ಕಲ್ಲಾಗಿ ನಿಂತರು. ನಮ್ಮ ಕೈಕಾಲು ತಣ್ಣಗಾದವು. ಆಗ ಹಗ್ಗದ ಬದಿಯಿಂದ ಹುಡುಗ ಸಣ್ಣ ದನಿಯಲ್ಲಿ ಮಾತು ಎತ್ತಿಕೊಡಲು ಸುರುಮಾಡಿದ. ಒಂದೊಂದೇ ವಾಕ್ಯ, ತಪ್ಪಿಲ್ಲದೆ, ಆ ಅಂಕವೆಲ್ಲ. ರಾಜ ಗಿಣಿಯ ಹಾಗೆ ಒಪ್ಪಿಸಿದ. ಆ ಅಂಕಕ್ಕೇ ಹೆಚ್ಚು ಚಪ್ಪಾಳೆ ಬಿದ್ದದ್ದು. ರಾಜನಿಗೆ ಮೈಕಿನಲ್ಲಿ ಹೆಸರು ಹೇಳಿ ಆಯೇರಿ ಮಾಡಿದರು, ಕೊರಳಿಗೆ ಹಾರ ಬಿತ್ತು. ಜನ ನಂಬಿದರು ಬಂಧುಗಳೆ, ಪೂರಾ ನಂಬಿದರು. ಅವರು ಯಾರ ಮಾತನ್ನು ನಂಬಿದರೆಂಬುದು ಹಗ್ಗದ ಬದಿಯಲ್ಲಿದ್ದ ಇಬ್ಬರಿಗೆ ಮಾತ್ರ ಗೊತ್ತಿತ್ತು.

ನಾವು ಅಂದು ಹೊರಗೆ ಬಂದು ಮೈಕಿನಲ್ಲಿ ಅದನ್ನು ಹೇಳಬಹುದಿತ್ತು. ಹೇಳಲಿಲ್ಲ.

ಕಿರೀಟಕ್ಕೆ ಮಾರಿ ಹುಡುಕುವ ಈ ಪದ್ಧತಿ ನಾಟಕದ ಮನೆಯಲ್ಲಿಯೇ ನಿಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ನಡೆದ ಮಂಡಲ ಪಂಚಾಯತ ಚುನಾವಣೆಯಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಕಾಯ್ದಿಟ್ಟರು. ದೇಶಕ್ಕೆಲ್ಲ ಅಂಥ ಮೀಸಲಾತಿ ಬರುವ ಮೊದಲೇ. ಇಂದು ಅದು ಅರ್ಧಕ್ಕೆ ಏರಿದೆ. ಆದರೂ ಎಷ್ಟೋ ಪಂಚಾಯತಿಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಬಗಲಿಗೆ ಇನ್ನೊಂದು ಕುರ್ಚಿ ಹಾಕಿ ಅವಳ ಯಜಮಾನರು ಕುಳಿತಿರುತ್ತಾರೆ, ಅಹವಾಲು ಹಿಡಿದು ಬಂದವನು ಅವರ ಕಡೆಗೇ ಕಾಗದ ಚಾಚುತ್ತಾನೆ. ಯಾಕೆ? ಕಣ್ಣಿಗೆ ಅದೇ ರೂಢಿ. ಪಕ್ಷಗಳು ಟಿಕೆಟು ಹಂಚುವಾಗ ಗೆಲ್ಲುವ ಮುಖ ಎನ್ನುತ್ತವಲ್ಲ, ಅದರ ಅರ್ಥವೂ ಇಷ್ಟೇ. ನಮ್ಮ ಪಕ್ಷ ಇದಕ್ಕೆ ಹೊರತೆಂದು ಬರೆದುಕೊಳ್ಳುವ ಧೈರ್ಯ ನಮಗಿಲ್ಲ. ಸಂಪಾದಕರು ಇದನ್ನು ಹೊಡೆದುಹಾಕದಿರಲಿ.

ಜಕ್ಕಲಿಯ ಚಹದ ಅಂಗಡಿಯಲ್ಲಿ ಹಮಾಲಿಯ ಮಗನ ಕಥೆಯನ್ನು ನಾವು ಹೇಳಲಿಲ್ಲ. ತೆರೆಷ್ಕೋವಾಳ ಕಥೆ ಹೇಳಿದೆವು. ಗಿರಣಿಯ ಮಿತ್ರರು ಅವಳು ಯಾವ ಖಾತೆಯಲ್ಲಿದ್ದಳು, ಮಗ್ಗವೋ ನೂಲೋ, ಎಂದು ಕೇಳಿದರು. ಮಗ್ಗದ ಖಾತೆಯೆಂದೆವು. "ಹಾಂಗಾದ್ರ ಕಿವಿ ಮಂದ ಇದ್ದೀತು ಅಕಿದು," ಎಂದು ನಕ್ಕರು. ಮಗ್ಗದ ಸದ್ದಿನಲ್ಲಿ ದುಡಿದವರಿಗೆ ಗೊತ್ತಾಗುವ ಮಾತು ಅದು. ಕಿರಾಣಿ ಮಿತ್ರರು ತಮ್ಮ ಹಟ ಬಿಡಲಿಲ್ಲ. ಶಕ್ತಿಮಾನ ಮಾತ್ರ ಖನ್ನಾನೇ ಎಂದು ಕೊನೆಯ ತನಕ ಹೇಳಿದರು. ಹೇಳಲಿ. ಸಭೆಗೆ ಚಂದಾ ಮೊದಲು ಕೊಟ್ಟವರೂ ಅವರೇ.

ಆ ಹುಡುಗ ಈಗ ಹುಬ್ಬಳ್ಳಿಯ ಕಡೆ ಒಂದು ಗಿರಣಿಯಲ್ಲಿ ಎರಡನೆಯ ಪಾಳಿಗೆ ದುಡಿಯುತ್ತಾನೆ. ಮೂವತ್ತು ಸಮೀಪಿಸಿದೆ, ಹುಡುಗ ಎನ್ನುವಂತಿಲ್ಲ. ನಾವು ಕಳೆದ ವಾರ ಫೋನು ಮಾಡಿದ್ದೆವು. ಬರುವ ಜಾತ್ರೆಗೆ ಅದೇ ಊರಿನ ಎಳೆಯರು ತಾವೇ ಒಂದು ನಾಟಕ ಎತ್ತಿಕೊಂಡಿದ್ದಾರೆ, ಪಟ್ಟಿಯನ್ನು ಎಲ್ಲರಿಗೂ ಸಮನಾಗಿ ಹಂಚಿದ್ದಾರೆ, ರಾಜನ ಪಾತ್ರಕ್ಕೆ ಅವನನ್ನು ಕೇಳಿದ್ದಾರೆ. ಅವನು ಇನ್ನೂ ಹೂಂ ಅಂದಿಲ್ಲ. ಜಾತ್ರೆಯ ವಾರ ರಜೆ ಸಿಗುವುದಿಲ್ಲವಂತೆ; ಪಾಳಿ ಬದಲಿಸಿಕೊಳ್ಳಲು ಜೊತೆಗಾರನೊಬ್ಬ ಸಿಕ್ಕರೆ ಬರುತ್ತೇನೆ ಎಂದ.